ನಂದಿಬಟ್ಟಲು ಗಿಡದಲ್ಲಿ ನೀಲಿ ಕಣ್ಣಿನ ದಪ್ಪ ಹಸಿರು ಹುಳ, ಯಾವುದಿದು? ಔಷಧಿ ಹೊಡೀಬೇಕಾ?

ತಾರಸಿತೋಟ_ತುಮಕೂರು:

ಎಲ್ಲರಿಗೂ ನಮಸ್ಕಾರ. ನಮ್ಮನೆ ತಾರಸಿ ಮೇಲೆ ದೊಡ್ಡ ಪಾಟ್‌ಗಳಲ್ಲಿ ನಂದಿಬಟ್ಟಲು ಇಟ್ಟಿದೀವಿ, ದಿನಾ ದೇವರಿಗೆ ಹೂವು ಅದರಿಂದಲೇ. ಮಳೆ ಶುರುವಾದಮೇಲೆ ಚಿಗುರು ತುಂಬಾ ಚೆನ್ನಾಗಿ ಬಂದಿತ್ತು, ಈಗ ನೋಡಿದ್ರೆ ಒಂದು ಗಿಡದ ಮೇಲ್ಗಡೆ ಎಲೆಗಳೆಲ್ಲ ಖಾಲಿ, ಕೆಲವು ಕಡೆ ನಡುವಿನ ದಂಟು ಮಾತ್ರ ಉಳಿದಿದೆ, ಕೆಳಗೆ ಟೈಲ್ಸ್ ಮೇಲೆ ಕಪ್ಪು ಹಸಿರು ಬಣ್ಣದ ಗಟ್ಟಿ ಹಿಕ್ಕೆ ಬಿದ್ದಿರತ್ತೆ. ಬೆಳಿಗ್ಗೆ ಗುಡಿಸಿದ್ರೆ ಸಂಜೆಗೆ ಮತ್ತೆ. ಎಲೆ ಮಗುಚಿ ಮಗುಚಿ ಹುಡುಕಿದಮೇಲೆ ಒಂದು ಹುಳ ಸಿಕ್ತು, ನನ್ನ ಬೆರಳಿನಷ್ಟು ಉದ್ದ ದಪ್ಪ ಇದೆ, ಮೈಯೆಲ್ಲ ಹಸಿರು, ತಲೆ ಹತ್ತಿರ ಎರಡು ನೀಲಿ ಕಣ್ಣು, ಬಾಲದ ಹತ್ರ ಒಂದು ಹಳದಿ ಕೊಂಬು. ಫೋಟೋ ಹಾಕಿದೀನಿ. ಕಡ್ಡೀಲಿ ಮುಟ್ಟಿದ ತಕ್ಷಣ ತಲೆ ಒಳಗೆ ಎಳ್ಕೊಂಡು ಕುತ್ತಿಗೆ ಉಬ್ಬಿಸಿ ಆ ಕಣ್ಣು ಇನ್ನೂ ದೊಡ್ಡದು ಮಾಡ್ತು, ನನ್ನ ಮಗಳು ಹಾವು ಅಂತ ಕಿರುಚಿಬಿಟ್ಳು. ಮನೇಲಿ ಚಿಕ್ಕ ಮಕ್ಕಳಿದಾರೆ, ಕಚ್ಚತ್ತಾ, ಕಂಬಳಿಹುಳದ ಥರ ತುರಿಕೆ ಬರತ್ತಾ? ಪಕ್ಕದ ಮನೆಯವರು ಔಷಧಿ ಹೊಡೆದುಬಿಡಿ ಅಂತಾರೆ. ಗೊತ್ತಿರೋರು ದಯವಿಟ್ಟು ಹೇಳಿ.

ಪತಂಗಪ್ರಿಯ_ಮೈಸೂರು:

ಮೇಡಂ, ಔಷಧಿ ಹೊಡೀಬೇಡಿ, ಮೊದಲು ಇದನ್ನ ಓದಿ. ಇದು ಓಲಿಯಾಂಡರ್ ಹಾಕ್ ಮಾತ್ ಅನ್ನೋ ಪತಂಗದ ಮರಿಹುಳ, ವೈಜ್ಞಾನಿಕ ಹೆಸರು ಡಾಫ್ನಿಸ್ ನೀರಿಯೈ. 1758ರಲ್ಲೇ ಲಿನೇಯಸ್ ಹೆಸರಿಟ್ಟ ಜಾತಿ. ಕಣಗಿಲೆ ಗಿಡ ಇದಕ್ಕೆ ಇಷ್ಟ, ಅದಕ್ಕೇ ಆ ಹೆಸರು, ಆದ್ರೆ ನಮ್ಮೂರುಗಳ ಮನೆ ಅಂಗಳದಲ್ಲಿ ನಾನು ಜಾಸ್ತಿ ನೋಡಿರೋದು ನಂದಿಬಟ್ಟಲು ಮೇಲೇ. ನಿತ್ಯಪುಷ್ಪ, ಅಡೇನಿಯಂ ಕೂಡ ತಿನ್ನತ್ತೆ.

ಕಚ್ಚಲ್ಲ, ಚುಚ್ಚಲ್ಲ, ತುರಿಕೆ ಇಲ್ಲ. ಮೈ ಮೇಲೆ ಒಂದು ರೋಮನೂ ಇಲ್ಲ ನೋಡಿ. ಬಾಲದ ಕೊಂಬು ಮೆತ್ತಗಿರತ್ತೆ, ಅದರಲ್ಲಿ ವಿಷ ಇಲ್ಲ. ಆ ನೀಲಿ ಕಣ್ಣು ಕಣ್ಣೇ ಅಲ್ಲ, ಎದೆ ಭಾಗದ ಮೇಲಿರೋ ಕಪ್ಪು ಅಂಚಿನ ಮಚ್ಚೆ. ನಿಜವಾದ ತಲೆ ಅದರ ಮುಂದೆ ಚಿಕ್ಕದಾಗಿ ಕೆಳಗೆ ಬಗ್ಗಿರತ್ತೆ. ಹಕ್ಕಿ ಬಂದು ಕುಕ್ಕೋಕೆ ನೋಡಿದಾಗ ತಲೆ ಒಳಗೆಳೆದು ಎದೆ ಉಬ್ಬಿಸಿದ್ರೆ ಆ ಮಚ್ಚೆ ಅಗಲ ಆಗಿ ಎದುರಿಗೆ ಬರತ್ತೆ, ಹಕ್ಕಿ ಒಂದು ಕ್ಷಣ ಹಿಂಜರಿಯತ್ತೆ. ನಿಮ್ಮ ಮಗಳಿಗೆ ಆಗಿದ್ದೂ ಅದೇ. ಪಕ್ಕಕ್ಕೆ ನೋಡಿ, ಬಿಳಿ ಪಟ್ಟಿ ಉದ್ದಕ್ಕೂ ಹೋಗಿರತ್ತೆ, ಅದರ ಅಕ್ಕಪಕ್ಕ ಸಣ್ಣ ಸಣ್ಣ ನೀಲಿ ಬಿಳಿ ಚುಕ್ಕೆ. ಮಗಳಿಗೆ ಒಂದು ಭೂತಗನ್ನಡಿ ಕೊಟ್ಟು ತೋರಿಸಿ, ಖಂಡಿತ ಇಷ್ಟಪಡ್ತಾಳೆ.

ಇದರಿಂದ ಬರೋ ಪತಂಗ ಎಷ್ಟು ಚೆಂದ ಅಂದ್ರೆ ನನಗೆ ನಮ್ಮ ರಾಜ್ಯದ ಪತಂಗಗಳಲ್ಲೇ ಇದರ ಮೇಲೆ ಪ್ರೀತಿ ಜಾಸ್ತಿ. ರೆಕ್ಕೆ ಬಿಚ್ಚಿದ್ರೆ ಈ ತುದಿಯಿಂದ ಆ ತುದಿಗೆ 9ರಿಂದ 11 ಸೆಂಟಿಮೀಟರ್. ಮುಂದಿನ ರೆಕ್ಕೆ ಮೇಲೆ ಹಸಿರಿನ ನಾಲ್ಕೈದು ಛಾಯೆ, ಮಧ್ಯೆ ಮಧ್ಯೆ ತಿಳಿ ಗುಲಾಬಿ, ಬಿಳಿ ಪಟ್ಟೆಗಳು, ಒಟ್ಟಾರೆ ಮಿಲಿಟರಿಯವರ ಬಟ್ಟೆ ಥರ ಕಾಣತ್ತೆ. ರೆಕ್ಕೆ ಬುಡದಲ್ಲಿ ಒಂದು ಕೆನೆ ಬಣ್ಣದ ಮಚ್ಚೆ, ಅದರ ನಡುವೆ ಕಡು ಹಸಿರು ಚುಕ್ಕೆ, ಇದನ್ನ ನೋಡಿದ್ರೆ ಗುರುತು ಪಕ್ಕಾ. ಹಗಲೆಲ್ಲ ಎಲೆಗಳ ಮಧ್ಯೆ ಅಲ್ಲಾಡದೆ ಕೂತಿರತ್ತೆ, ಪಕ್ಕದಲ್ಲೇ ಕೈ ಇಟ್ರೂ ಗೊತ್ತಾಗಲ್ಲ. ಸಂಜೆ ಕತ್ತಲಾಗ್ತಿದ್ದ ಹಾಗೆ ಹೊರಡತ್ತೆ, ಮಲ್ಲಿಗೆ, ಪೆಟೂನಿಯಾ ಥರ ಪರಿಮಳದ ಹೂವಿನ ಮುಂದೆ ಗಾಳೀಲೇ ನಿಂತು, ಹೂವಿನ ಮೇಲೆ ಕೂರದೆ, ಉದ್ದ ನಾಲಿಗೆ ಚಾಚಿ ಮಕರಂದ ಹೀರತ್ತೆ. ಒಂದು ಹೂವಿಂದ ಇನ್ನೊಂದಕ್ಕೆ ಹೋಗೋ ಸ್ಪೀಡ್‌ಗೆ ಕಣ್ಣು ಹೊಂದಲ್ಲ.

ಗಿಡ ಸಾಯಲ್ಲ ಮೇಡಂ. ನಂದಿಬಟ್ಟಲು ಎಷ್ಟು ಕತ್ತರಿಸಿದ್ರೂ ಚಿಗುರೋ ಗಿಡ. ಒಂದೆರಡು ಹುಳ ಇದ್ರೆ ಬಿಟ್ಟುಬಿಡಿ.

ಎಳ್ಳುಬೆಲ್ಲ_ಧಾರವಾಡ:

ನಮ್ಮ ಹೊಲದ ಬದುವಿಗೆ ಸಾಲಾಗಿ ಕಣಗಿಲಿ ಗಿಡ ಅದಾವ್ರಿ, ಈ ಹುಳಾ ಪ್ರತಿ ವರ್ಷ ಮಳಿಗಾಲದಾಗ ಬರ್ತಾವ. ಸಣ್ಣವು ಇದ್ದಾಗ ಹಳದಿ ಇರ್ತಾವ್ರಿ, ಬಾಲದ ಕೊಂಬು ಕರ್ರಗ, ತೆಳ್ಳಗ, ಮೈಗಿಂತ ಕೊಂಬೇ ಎದ್ದು ಕಾಣತೈತಿ, ದೊಡ್ಡವಾದಂಗ ಹಸರಾಗಿ ಕೊಂಬು ಗಿಡ್ಡ ಆಗಿ ಹಳದಿ ಆಗತೈತಿ. ನಾವು ಎಂದೂ ಎಣ್ಣಿ ಹೊಡದಿಲ್ಲ, ಗಿಡ ಏನೂ ಆಗಿಲ್ಲ. ಕೆಂಬೂತ ಬಂದು ಆರಿಸಿ ಆರಿಸಿ ತಿಂತೈತ್ರಿ, ಮೈನಾನೂ ಬರ್ತಾವ.

ನನಗ ಒಂದು ಪ್ರಶ್ನೆ ಐತಿ. ಕಣಗಿಲಿ ಎಲಿ ದನಾ ತಿಂದ್ರ ಉಳಿಯೂದಿಲ್ಲ, ನಮ್ಮ ಊರಾಗ ಆಡು ತಿಂದು ಸತ್ತದ್ದು ನಾನ ನೋಡೇನಿ. ಅದಕ್ಕ ಬದುವಿಗೆ ಹಚ್ಚಿದ್ರೂ ದನಾ ಆ ಕಡೆ ಕಟ್ಟೂದಿಲ್ಲ. ಈ ಹುಳಾ ಹುಟ್ಟಿದಾಗಿಂದ ಅದನ್ನ ತಿಂದು ಬೆಳಿತೈತಿ, ಇದಕ್ಯಾಕ ಏನೂ ಆಗೂದಿಲ್ಲ?

ಪತಂಗಪ್ರಿಯ_ಮೈಸೂರು:

ಒಳ್ಳೆ ಪ್ರಶ್ನೆ ಅಣ್ಣ, ಇದರ ಉತ್ತರ ನಂಗೆ ತುಂಬಾ ಇಷ್ಟ. ಕಣಗಿಲೇಲಿ ಓಲಿಯಾಂಡ್ರಿನ್ ಅನ್ನೋ ವಿಷ ಇದೆ. ಪ್ರಾಣಿಗಳ ಜೀವಕೋಶಗಳಲ್ಲಿ ಸೋಡಿಯಂನ ಹೊರಗೆ ಹಾಕಿ ಪೊಟ್ಯಾಸಿಯಂನ ಒಳಗೆ ತಗೊಳ್ಳೋ ಒಂದು ಪಂಪ್ ಇರತ್ತೆ, ಈ ವಿಷ ಹೋಗಿ ಆ ಪಂಪ್‌ಗೆ ಅಂಟ್ಕೊಂಡು ಅದನ್ನ ನಿಲ್ಲಿಸಿಬಿಡತ್ತೆ. ದನ, ಆಡು, ಮನುಷ್ಯರಲ್ಲಿ ಹೃದಯದ ಬಡಿತ ತಪ್ಪೋದು ಇದರಿಂದ. ಕೀಟಗಳಲ್ಲಿ ಏಟು ಬೀಳೋದು ನರಗಳಿಗೆ.

ಎಕ್ಕದ ಗಿಡ ತಿಂದು ಬೆಳೆಯೋ ಪ್ಲೇನ್ ಟೈಗರ್ ಚಿಟ್ಟೆ ಗೊತ್ತಲ್ಲ, ಕಿತ್ತಳೆ ಬಣ್ಣದ್ದು, ಅದರಲ್ಲಿ ಆ ಪಂಪೇ ಬದಲಾಗಿದೆ, ವಿಷ ಅಷ್ಟು ಸುಲಭಕ್ಕೆ ಅಂಟಲ್ಲ. ಆದ್ರೆ ಈ ಹಾಕ್ ಮಾತ್ ದಾರಿ ಬೇರೆ. ಇದರ ನರದಲ್ಲಿರೋ ಪಂಪ್ ಮಾಮೂಲಿ ಕೀಟದ್ದೇ, ವಿಷ ನೇರ ತಾಕಿದ್ರೆ ಇದೂ ಕೆಡತ್ತೆ, ಆದ್ರೆ ನರಗಳ ಸುತ್ತ ಇರೋ ಪೊರೆ ವಿಷವನ್ನ ಒಳಗೇ ಬಿಡಲ್ಲ. ಅಂದ್ರೆ ಎಕ್ಕದ ಚಿಟ್ಟೆ ಬೀಗ ಬದಲಾಯಿಸ್ತು, ಇದು ಬಾಗಿಲೇ ಹಾಕ್ಕೊಂಡಿದೆ. ಹತ್ರತ್ರದ ವಿಷಕ್ಕೆ ಎರಡು ಕೀಟ ಎರಡು ಉಪಾಯ ಕಂಡ್ಕೊಂಡಿವೆ.

ತುಮಕೂರು ಮೇಡಂ, ನಂದಿಬಟ್ಟಲಲ್ಲಿ ಈ ವಿಷ ಇಲ್ಲ, ಅದರ ಹಾಲಲ್ಲಿ ಇರೋದು ಬೇರೆ ಥರದ ಆಲ್ಕಲಾಯ್ಡ್‌ಗಳು. ಆದ್ರೂ ಹುಳ ಹುಡುಕುವಾಗ ಎಲೆ ಕಿತ್ತು ಕೈಗೆ ಹಾಲು ಮೆತ್ತಿದ್ರೆ ತೊಳ್ಕೊಳ್ಳಿ, ಮಕ್ಕಳ ಕಣ್ಣಿಗೆ ತಾಕಬಾರದು. ಕಣಗಿಲೆ ಇದ್ದ ಮನೇಲಂತೂ ಮಕ್ಕಳು ಎಲೆ, ಹೂವು ಬಾಯಿಗೆ ಹಾಕದ ಹಾಗೆ ನಿಗಾ ಇರಲೇಬೇಕು. ಹುಳಕ್ಕೆ ಹೆದರೋ ಬದಲು ಗಿಡಕ್ಕೆ ಹೆದರಬೇಕಾದ ಜಾಗ ಅದು.

ಹಸಿರುನರ್ಸರಿ_ಬೆಂಗಳೂರು:

ಎಲ್ಲಾ ಓದಿದೆ, ಆದ್ರೂ ನಮ್ಮ ಕಡೆ ಮಾತು ಸ್ವಲ್ಪ ಕೇಳಿ. ನಾವು ಸಸಿ ಮಾರಿ ಜೀವನ ಮಾಡೋರು. ಕವರಲ್ಲಿರೋ ನಂದಿಬಟ್ಟಲು ಸಸೀಲಿ ಹತ್ತು ಹನ್ನೆರಡು ಎಲೆ ಇರತ್ತೆ, ದೊಡ್ಡ ಹುಳ ಒಂದು ಬಂದ್ರೆ ರಾತ್ರಿ ಕಳೆದು ಬೆಳಗಾಗೋದ್ರಲ್ಲಿ ಸಸಿ ಬೋಳು, ಆಮೇಲೆ ಅದನ್ನ ಯಾರು ಕೊಂಡ್ಕೋತಾರೆ. ಕೈಯಲ್ಲಿ ಆರಿಸೋಕೆ ಆಳು ಸಿಗಲ್ಲ. ಬಿಟಿ ಪೌಡರ್ ನೀರಲ್ಲಿ ಕಲಸಿ ಹೊಡೀತೀವಿ, ಅದು ಬ್ಯಾಕ್ಟೀರಿಯಾದಿಂದ ಮಾಡಿದ್ದು, ಮನುಷ್ಯರಿಗೆ, ಜೇನಿಗೆ ತೊಂದರೆ ಇಲ್ಲ, ಹುಳ ಎಲೆ ಜೊತೆ ತಿಂದ್ರೆ ಮಾತ್ರ ಹೊಟ್ಟೆ ಕೆಟ್ಟು ಸಾಯತ್ತೆ. ಮನೆಯವರಿಗೂ ಅದೇ ಹೇಳ್ತೀನಿ, ಕೆಮಿಕಲ್‌ಗಿಂತ ಎಷ್ಟೋ ವಾಸಿ.

ರೇಷ್ಮೆಗೂಡು_ಶಿಡ್ಲಘಟ್ಟ:

ನರ್ಸರಿ ಅಣ್ಣ, ನಿಮ್ಮ ಕಷ್ಟ ಅರ್ಥ ಆಗತ್ತೆ, ಆದ್ರೆ ಬಿಟಿ ಬಗ್ಗೆ ಎಲ್ಲರಿಗೂ ಒಂದು ವಿಷಯ ಹೇಳಲೇಬೇಕು. ನಮ್ಮ ಶಿಡ್ಲಘಟ್ಟ, ಕೋಲಾರ, ರಾಮನಗರ ಕಡೆ ಮನೆ ಪಕ್ಕದಲ್ಲೇ ಹಿಪ್ಪುನೇರಳೆ ತೋಟ ಇರತ್ತೆ. ಬಿಟಿಗೆ ಪತಂಗದ ಹುಳ ಯಾವುದು ಅಂತ ಭೇದ ಇಲ್ಲ, ರೇಷ್ಮೆ ಹುಳನೂ ಪತಂಗದ ಹುಳನೇ ಅಲ್ವಾ. ಗಾಳಿಗೆ ಹಾರಿ ಸೊಪ್ಪಿನ ಮೇಲೆ ಬಿದ್ದು, ಆ ಸೊಪ್ಪು ಚಾಕಿ ಹುಳಕ್ಕೆ, ಅಂದ್ರೆ ಎಳೇ ರೇಷ್ಮೆ ಹುಳಕ್ಕೆ, ಹಾಕಿದ್ರೆ ಇಡೀ ಬೆಳೆ ಹೋಗತ್ತೆ. ಹತ್ತಿರದಲ್ಲಿ ರೇಷ್ಮೆ ಸಾಕೋರು ಇದ್ರೆ ಬಿಟಿನೂ ಬೇಡ, ಬೇರೆ ಕೀಟನಾಶಕನೂ ಬೇಡ, ದಯವಿಟ್ಟು. ಮೊದಲು ಪಕ್ಕದ ತೋಟದವರನ್ನ ಕೇಳಿ. ಮನೇಲಿ ಒಂದೆರಡು ಗಿಡ ಇದ್ದೋರು ಕೈಯಲ್ಲಿ ಆರಿಸಿ ಬೇರೆ ಕಡೆ ಬಿಡೋದು ದೊಡ್ಡ ಕೆಲಸ ಏನಲ್ಲ.

ಪಾಲೆಮರ_ಪುತ್ತೂರು:

ನಮ್ಮಲ್ಲಿ ಆಟಿ ಅಮಾವಾಸ್ಯೆಗೆ ಕಷಾಯ ಮಾಡುವ ಪಾಲೆ ಮರ ಉಂಟಲ್ಲ, ಹಾಲೆ ಮರ ಅಂತಲೂ ಹೇಳ್ತಾರೆ, ಅದರ ಎಳೆ ಗಿಡದಲ್ಲಿ ಕೂಡ ಇದೇ ಹುಳ ನೋಡಿದ್ದೇನೆ. ಈ ಗಿಡಗಳೆಲ್ಲ ಒಂದೇ ಕುಟುಂಬದವು, ಹಾಲು ಬರುವಂಥವು, ಅದಕ್ಕೇ ಇರಬೇಕು.

ಇನ್ನೊಂದು ವಿಷಯ, ಕಣಗಿಲೆಯಲ್ಲಿ ಕಾಣುವ ಹುಳ ಎಲ್ಲ ಇದೇ ಅಂತ ಇಲ್ಲ. ಕಂದು ಬಿಳಿ ಪಟ್ಟೆ ಇದ್ದು ಬೆನ್ನಿನ ಮೇಲೆ ಜೋಡಿ ಜೋಡಿಯಾಗಿ ಕಪ್ಪು ಮೀಸೆಯಂಥದ್ದು ಇದ್ದರೆ ಅದು ಕಾಮನ್ ಕ್ರೋ ಅನ್ನುವ ಚಿಟ್ಟೆಯ ಹುಳ. ಅದರ ಕೋಶ ಎಲೆಯ ಅಡಿಯಲ್ಲಿ ನೇತಾಡ್ತದೆ, ಬೆಳ್ಳಿ ಬಂಗಾರದ ಹೊಳಪು, ನಮ್ಮ ಮಕ್ಕಳು ಅದನ್ನು ನೋಡ್ಲಿಕ್ಕೆ ಅಂತಲೇ ಗಿಡದ ಹತ್ತಿರ ಹೋಗ್ತಾರೆ. ಹಾಕ್ ಮಾತ್ ಕೋಶ ಹಾಗೆ ನೇತಾಡುವುದಿಲ್ಲ, ನೆಲದಲ್ಲಿ ತರಗೆಲೆಯೊಳಗೆ ಇರ್ತದೆ. ಒಂದು ಚಿಟ್ಟೆ, ಇನ್ನೊಂದು ಪತಂಗ, ಎರಡಕ್ಕೂ ಒಂದೇ ಊಟದ ಎಲೆ.

ಮತ್ತೆ ಕೆಸುವಿನ ಎಲೆಯಲ್ಲಿ, ಗೌರಿ ಹೂವಿನ ಗಿಡದಲ್ಲಿ ಕಪ್ಪು ಮೈಗೆ ಸಾಲು ಸಾಲು ಹಳದಿ ಕಣ್ಣು ಇರುವ ಹುಳ ಬರ್ತದೆ, ಬಾಲಕ್ಕೆ ಕೊಂಬೂ ಉಂಟು. ಅದು ಇದರದ್ದೇ ಬಳಗದ ಬೇರೆ ಜಾತಿ.

ಎಳ್ಳುಬೆಲ್ಲ_ಧಾರವಾಡ:

ಹೌದ್ರಿ, ಎಳ್ಳಿನ ಹೊಲದಾಗೂ ಕೊಂಬಿನ ಹುಳಾ ಬರ್ತಾವ, ಇದಕ್ಕಿಂತಾ ದೊಡ್ಡವು, ಮೈಮ್ಯಾಲೆ ಓರೆ ಗೆರಿ ಇರ್ತಾವ. ಅವೂ ಇದ ಜಾತಿ ಏನು?

ಪತಂಗಪ್ರಿಯ_ಮೈಸೂರು:

ಅದೇ ಕುಟುಂಬ ಅಣ್ಣ, ಸ್ಫಿಂಜಿಡೇ. ಪ್ರಪಂಚದಲ್ಲಿ ಸುಮಾರು 1,450 ಜಾತಿ ಇವೆ. ಎಳ್ಳಿನದ್ದು ಡೆತ್ಸ್ ಹೆಡ್ ಹಾಕ್ ಮಾತ್, ದೊಡ್ಡದಾದ್ಮೇಲೆ ಬೆನ್ನ ಮೇಲೆ ತಲೆಬುರುಡೆ ಥರ ಗುರುತು ಇರತ್ತೆ, ಹಿಡಿದ್ರೆ ಕೀಚ್ ಅಂತ ಸದ್ದು ಮಾಡತ್ತೆ, ಜೇನುಗೂಡಿಗೆ ನುಗ್ಗಿ ಜೇನು ಕುಡಿಯತ್ತೆ. ಕೊಡಗು ಚಿಕ್ಕಮಗಳೂರು ಕಡೆ ಕಾಫಿ ಗಿಡದಲ್ಲಿ ಬೆಳೆಯೋ ಇನ್ನೊಂದಿದೆ, ಅದರ ರೆಕ್ಕೆ ಗಾಜಿನ ಥರ ಪಾರದರ್ಶಕ, ಹಗಲಲ್ಲೇ ಹಾರತ್ತೆ. ರಾತ್ರಿ ಅರಳೋ ಬಿಳಿ ಪರಿಮಳದ ಹೂವುಗಳಿಗೆ ಈ ಬಳಗ ಬೇಕೇ ಬೇಕು. ಪಪ್ಪಾಯದ ಗಂಡು ಗಿಡದಿಂದ ಹೆಣ್ಣು ಗಿಡಕ್ಕೆ ಪರಾಗ ಸಾಗಿಸೋದ್ರಲ್ಲೂ ಹಾಕ್ ಮಾತ್‌ಗಳ ಪಾಲು ದೊಡ್ಡದು. ಎಲೆ ತಿಂತು ಅಂತ ಹುಳ ಕೊಂದ್ರೆ ಸಂಜೆ ಹೂವಿಗೆ ಬರೋರನ್ನೂ ಕೊಂದ ಹಾಗೆ, ಅದಕ್ಕೇ ನಾನು ಇಷ್ಟು ಒತ್ತಿ ಹೇಳೋದು.

ಮಸ್ಕತ್_ಕನ್ನಡಿಗ:

ಇಲ್ಲಿ ಒಮಾನ್‌ನಲ್ಲೂ ಇದು ಇದೆ. ಒಣಗಿದ ಹಳ್ಳಗಳ ದಂಡೇಲಿ ಕಣಗಿಲೆ ತಾನಾಗೇ ಬೆಳೀತದೆ, ಪಾರ್ಕ್‌ಗಳಲ್ಲೂ ರೋಡ್ ಪಕ್ಕನೂ ನೆಟ್ಟಿರ್ತಾರೆ, ನಮ್ಮ ಕಡೆ ಹೈವೇ ಡಿವೈಡರ್‌ಗಳಲ್ಲಿ ನೆಡ್ತಾರಲ್ಲ ಹಾಗೆ. ಬೇಸಗೇಲಿ ಈ ಪತಂಗ ಸಮುದ್ರ ದಾಟಿ ಯುರೋಪಿಗೂ ಹೋಗತ್ತಂತೆ, ನಿಜಾನಾ? ಇಷ್ಟು ಸಣ್ಣ ಜೀವ ಅಷ್ಟು ದೂರ ಹಾರತ್ತಾ?

ಪತಂಗಪ್ರಿಯ_ಮೈಸೂರು:

ನಿಜ ಸಾರ್. ಇದರ ಖಾಯಂ ನೆಲೆ ಆಫ್ರಿಕಾ ಮತ್ತು ದಕ್ಷಿಣ ಏಷ್ಯಾ. ಬೇಸಗೆ ಬಂದ್ರೆ ಮೆಡಿಟರೇನಿಯನ್ ದಾಟಿ ದಕ್ಷಿಣ ಯುರೋಪ್, ಟರ್ಕಿ ಕಡೆ ವಲಸೆ ಹೋಗತ್ತೆ, ಅಪರೂಪಕ್ಕೆ ಇಂಗ್ಲೆಂಡ್‌ವರೆಗೂ ಒಂದೊಂದು ತಲುಪತ್ತೆ. ಅಲ್ಲಿ ಹೋಗಿ ಮೊಟ್ಟೆ ಇಡತ್ತೆ, ಮರಿನೂ ಆಗತ್ತೆ, ಆದ್ರೆ ಅಲ್ಲಿನ ಚಳಿಗಾಲ ತಡ್ಕೊಳ್ಳಲ್ಲ, ಮುಂದಿನ ವರ್ಷ ಮತ್ತೆ ದಕ್ಷಿಣದಿಂದಲೇ ಹೊಸದಾಗಿ ಬರಬೇಕು. ಹವಾಯಿಗೆ ತಾನಾಗಿ ಹೋದದ್ದಲ್ಲ, ಗಿಡಗಳ ಸಾಗಾಣಿಕೆ ಜೊತೆ ಹೋಗಿರಬೇಕು, ಅಲ್ಲಿ 1974ರಲ್ಲಿ ಮೊದಲು ಕಂಡಿದ್ದು. ಮನುಷ್ಯ ಕಣಗಿಲೆಯನ್ನ ಚೆಂದಕ್ಕೆ ಅಂತ ಎಲ್ಲೆಲ್ಲಿ ನೆಟ್ಟನೋ ಇದಕ್ಕೆ ಅಲ್ಲೆಲ್ಲ ಅಡುಗೆಮನೆ ಸಿಕ್ಕಿತು.

ತಾರಸಿತೋಟ_ತುಮಕೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಔಷಧಿ ಹೊಡೆದಿಲ್ಲ. ಆದ್ರೆ ಇವತ್ತು ಬೆಳಿಗ್ಗೆ ನೋಡಿದ್ರೆ ಆ ದೊಡ್ಡ ಹುಳ ಗಿಡದಲ್ಲಿಲ್ಲ, ಕೆಳಗೆ ಟೈಲ್ಸ್ ಮೇಲೆ ಜೋರಾಗಿ ಓಡಾಡ್ತಿದೆ, ಬೆನ್ನೆಲ್ಲ ಕಂದು ಬಣ್ಣ ಆಗಿಬಿಟ್ಟಿದೆ, ನೀಲಿ ಕಣ್ಣೂ ಮಸುಕಾಗಿದೆ. ಎಲೆ ಕೊಟ್ರೆ ತಿಂತಿಲ್ಲ. ಸಾಯ್ತಿದೆಯಾ? ಏನಾದ್ರೂ ರೋಗಾನಾ? ಮಗಳು ಅಳ್ತಾ ಕೂತಿದಾಳೆ, ಬೇಗ ಹೇಳಿ ಪ್ಲೀಸ್.

ರೇಷ್ಮೆಗೂಡು_ಶಿಡ್ಲಘಟ್ಟ:

ಅಕ್ಕ, ಮಗೂಗೆ ಸಮಾಧಾನ ಹೇಳಿ, ಅದು ಹಣ್ಣಾಗಿದೆ ಅಷ್ಟೇ. ನಾವು ರೇಷ್ಮೆ ಹುಳಕ್ಕೂ ಹಾಗೇ ಅಂತೀವಿ. ನಾಲ್ಕು ಜ್ವರ (ಪೊರೆ ಕಳಚೋದು) ಮುಗಿಸಿ ಐದನೇ ಹಂತದಲ್ಲಿ ಹೊಟ್ಟೆ ತುಂಬಾ ತಿಂದಮೇಲೆ ಒಂದು ದಿನ ತಿನ್ನೋದು ನಿಲ್ಲಿಸತ್ತೆ, ಹೊಟ್ಟೇಲಿ ಇರೋದೆಲ್ಲ ಹೊರಗೆ ಹಾಕತ್ತೆ, ಮೈ ಬಣ್ಣ ಬದಲಾಗತ್ತೆ, ಗೂಡು ಕಟ್ಟೋಕೆ ಜಾಗ ಹುಡುಕ್ತಾ ಅಲೆದಾಡತ್ತೆ. ರೇಷ್ಮೆ ಹುಳನ ಆಗ ಚಂದ್ರಿಕೆಗೆ, ಅಂದ್ರೆ ಗೂಡು ಕಟ್ಟೋ ತಟ್ಟಿಗೆ, ಬಿಡ್ತೀವಿ. ಇದಕ್ಕೆ ಚಂದ್ರಿಕೆ ಬೇಡ, ತರಗೆಲೆ ಬೇಕು. ಆದ್ರೆ ತಾರಸಿ ಟೈಲ್ಸ್ ಮೇಲೆ ಬಿಟ್ಟರೆ ಬಿಸಿಲಿಗೋ ಇರುವೆಗೋ ಸಿಕ್ಕಿ ಸಾಯತ್ತೆ, ಬೇಗ ಎತ್ತಿ.

ಮೈ ಮೇಲೆ ಒಂದು ಸಲ ಸರಿಯಾಗಿ ನೋಡಿ, ಸಣ್ಣ ಕಪ್ಪು ಕಲೆ ಏನಾದ್ರೂ ಇದೆಯಾ ಅಂತ. ರೇಷ್ಮೆ ಹುಳಕ್ಕೆ ಊಜಿ ನೊಣ ಮೊಟ್ಟೆ ಇಟ್ರೆ ಹಾಗೆ ಕಲೆ ಬೀಳತ್ತೆ. ಆ ನೊಣ 1980ರಲ್ಲಿ ನಮ್ಮ ರಾಜ್ಯಕ್ಕೆ ಬಂದಿದ್ದು, ಬಂಗಾಳದಿಂದ ಬಂದ ಗೂಡಿನ ಜೊತೆ. ಅವತ್ತಿಂದ ರೇಷ್ಮೆ ಸಾಕೋರ ಮನೆ ಕಿಟಕಿಗೆಲ್ಲ ನೈಲಾನ್ ಪರದೆ. ಕಾಡು ಪತಂಗಗಳ ಹುಳಕ್ಕೂ ಅಂಥ ಪರಾವಲಂಬಿ ನೊಣಗಳ ಕಾಟ ಇದ್ದೇ ಇದೆ. ಕಲೆ ಇಲ್ಲ ಅಂದ್ರೆ ನಿಶ್ಚಿಂತೆ.

ಪತಂಗಪ್ರಿಯ_ಮೈಸೂರು:

ಶಿಡ್ಲಘಟ್ಟದ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಮೇಡಂ, ಒಂದು ಪ್ಲಾಸ್ಟಿಕ್ ಡಬ್ಬ ಅಥವಾ ಹಳೇ ಬಕೆಟ್ ತಗೊಳ್ಳಿ, ಕೆಳಗೆ ಸ್ವಲ್ಪ ಸಡಿಲ ಮಣ್ಣು ಹಾಕಿ, ಮೇಲೆ ಒಣಗಿದ ಎಲೆ ದಪ್ಪಗೆ ಹರಡಿ, ಹುಳನ ಒಳಗೆ ಬಿಟ್ಟು ಬಾಯಿಗೆ ಸೊಳ್ಳೆಪರದೆ ಬಟ್ಟೆ ಕಟ್ಟಿ. ನೆರಳಲ್ಲಿಡಿ. ಒಂದೆರಡು ದಿನದಲ್ಲಿ ಎಲೆಗಳನ್ನ ಎಳೆ ಎಳೆಯಾಗಿ ರೇಷ್ಮೆ ಥರದ ನೂಲಲ್ಲಿ ಸಡಿಲವಾಗಿ ಜೋಡಿಸ್ಕೊಂಡು ಒಳಗೆ ಕೋಶ ಆಗತ್ತೆ. ತಿಳಿ ಕಂದು ಬಣ್ಣ, ಪಕ್ಕದಲ್ಲಿ ಉಸಿರಾಡೋ ರಂಧ್ರದ ಹತ್ರ ಒಂದೊಂದು ಕಪ್ಪು ಚುಕ್ಕೆ. ಬಿಚ್ಚಿ ನೋಡೋ ಆಸೆ ಆಗತ್ತೆ, ಮಗಳಿಗೂ ಆಗತ್ತೆ, ಬೇಡ ಅನ್ನಿ. ಮಣ್ಣು ಪೂರ್ತಿ ಒಣಗದ ಹಾಗೆ ಎರಡು ಮೂರು ದಿನಕ್ಕೊಮ್ಮೆ ಸ್ವಲ್ಪ ನೀರು ಚಿಮುಕಿಸಿ, ನೆನೆಸಬೇಡಿ, ಜಾಸ್ತಿ ಆದ್ರೆ ಬೂಷ್ಟು ಹಿಡಿಯತ್ತೆ.

ಈಗಿನ ಹವೆಗೆ ಸುಮಾರು ಎರಡು ವಾರ ಆಗಬಹುದು. ಡಬ್ಬದೊಳಗೆ ಒರಟಾದ ಒಂದೆರಡು ಕಡ್ಡಿ ಓರೆಯಾಗಿ ನಿಲ್ಲಿಸೋದು ಮರೀಬೇಡಿ, ಇದು ಮುಖ್ಯ. ಪತಂಗ ಹೊರಗೆ ಬಂದಾಗ ರೆಕ್ಕೆ ಸುಕ್ಕುಗಟ್ಟಿ ಗಿಡ್ಡ ಇರತ್ತೆ, ಏನಾದ್ರೂ ಹತ್ತಿ ನೇತಾಡಿದ್ರೆ ಮಾತ್ರ ರೆಕ್ಕೆಗೆ ರಕ್ತ ತುಂಬಿ ನೆಟ್ಟಗಾಗೋದು. ನುಣುಪು ಪ್ಲಾಸ್ಟಿಕ್ ಹತ್ತೋಕಾಗದೆ ಜಾರಿ ಬಿದ್ರೆ ರೆಕ್ಕೆ ಹಾಗೇ ಮುದುಡಿ ಒಣಗತ್ತೆ, ಆಮೇಲೆ ಸರಿ ಮಾಡೋಕೆ ಆಗಲ್ಲ.

ತಾರಸಿತೋಟ_ತುಮಕೂರು:

ಬಕೆಟ್ ರೆಡಿ ಮಾಡಿದ್ವಿ, ಎಲೆ ಒಳಗೆ ಹೋಗಿಬಿಡ್ತು. ಕಪ್ಪು ಕಲೆ ಇರಲಿಲ್ಲ. ಪತಂಗ ಬಂದಮೇಲೆ ಏನು ಊಟ ಕೊಡಬೇಕು? ಸಕ್ಕರೆ ನೀರಾ? ಮತ್ತೆ ಗಿಡದಲ್ಲಿ ಇನ್ನೂ ಸಣ್ಣ ಹಳದಿ ಹುಳ ಇವೆ, ಎಲೆ ಸಾಲತ್ತಾ ಅಂತ ಯೋಚನೆ.

ಪತಂಗಪ್ರಿಯ_ಮೈಸೂರು:

ಊಟ ಏನೂ ಬೇಡ, ರೆಕ್ಕೆ ಗಟ್ಟಿಯಾದಮೇಲೆ ಅದೇ ಸಂಜೆ ಪರದೆ ತೆಗೆದು ಬಿಟ್ಟುಬಿಡಿ, ಹೂವು ಹುಡುಕೋದು ಅದಕ್ಕೆ ಗೊತ್ತು. ಹಾರೋ ಮುಂಚೆ ಸ್ವಲ್ಪ ಹೊತ್ತು ರೆಕ್ಕೆ ಗಡಗಡ ನಡುಗಿಸತ್ತೆ, ಹೆದರಬೇಡಿ, ಎದೆಯ ಸ್ನಾಯು ಬಿಸಿಯಾಗದೆ ಹಾಕ್ ಮಾತ್‌ಗಳಿಗೆ ಹಾರೋಕೆ ಆಗಲ್ಲ. ತಾರಸಿ ಲೈಟ್ ಆಫ್ ಮಾಡಿರಿ, ಇಲ್ಲಾಂದ್ರೆ ಬಲ್ಬಿನ ಸುತ್ತಾನೇ ಸುತ್ತತ್ತೆ, ಬೆಳಿಗ್ಗೆ ಹಲ್ಲಿ ಪಾಲಾಗತ್ತೆ. ಅದಕ್ಕೂ ಮುಂಚೆ ಮೇಲಿಂದ ಒಂದು ಫೋಟೋ ತೆಗೆದು ಐನ್ಯಾಚುರಲಿಸ್ಟ್‌ಗೆ (ಜೀವಿಗಳ ಫೋಟೋ ದಾಖಲಿಸೋ ವೆಬ್‌ಸೈಟ್) ಹಾಕಿ, ಊರು ತಾರೀಖು ಸಮೇತ. ಪತಂಗಗಳ ದಾಖಲೆ ಚಿಟ್ಟೆಗಳಿಗಿಂತ ತುಂಬಾ ಕಮ್ಮಿ, ಒಂದೊಂದು ಫೋಟೋನೂ ಉಪಯೋಗಕ್ಕೆ ಬರತ್ತೆ.

ಸಣ್ಣ ಹುಳ ಎಷ್ಟಿವೆ ನೋಡ್ಕೊಳ್ಳಿ. ಪಾಟ್ ಗಿಡಕ್ಕೆ ಎರಡು ಮೂರು ತಡೆಯತ್ತೆ. ಜಾಸ್ತಿ ಇದ್ರೆ ಎಲೆ ಸಮೇತ ಕಿತ್ತು ನೆಲದಲ್ಲಿ ಬೆಳೆದ ದೊಡ್ಡ ನಂದಿಬಟ್ಟಲಿಗೆ ಸಾಗಿಸಿ. ಬೇರೆ ಜಾತಿ ಗಿಡಕ್ಕೆ ಹಾಕಬೇಡಿ, ಒಂದು ಗಿಡದ ಎಲೆಗೆ ಒಗ್ಗಿದ ಹುಳ ಎಷ್ಟೋ ಸಲ ಇನ್ನೊಂದನ್ನ ಮುಟ್ಟಲ್ಲ.

ಹಸಿರುನರ್ಸರಿ_ಬೆಂಗಳೂರು:

ಮೇಡಂ, ಬೋಳಾದ ಗಿಡದ ತುದಿಗಳನ್ನ ಗೆಣ್ಣಿನ ಮೇಲೆ ಸ್ವಲ್ಪ ಕತ್ತರಿಸಿ, ಒಂದು ಹಿಡಿ ಎರೆಗೊಬ್ಬರ ಕೊಡಿ, ಈ ಮಳೇಲಿ ಮೂರ್ನಾಲ್ಕು ವಾರಕ್ಕೆ ಮೊದಲಿಗಿಂತ ಜಾಸ್ತಿ ಕವಲು ಬರತ್ತೆ. ಹುಳ ಇರೋವಾಗ ಬೇವಿನೆಣ್ಣೆನೂ ಹೊಡೀಬೇಡಿ, ಹುಳ ಉಳಿಸ್ಕೋಬೇಕು ಅಂದ್ರೆ. ಶಿಡ್ಲಘಟ್ಟದ ಅಣ್ಣ ಹೇಳಿದ್ದು ನಾನೂ ಗಮನಕ್ಕೆ ತಗೊಂಡೆ, ಇನ್ಮೇಲೆ ಹೊಸಕೋಟೆ, ದೇವನಹಳ್ಳಿ ಹತ್ರದ ವಿಜಯಪುರ ಕಡೆಯವರು ಬಿಟಿ ಕೇಳ್ಕೊಂಡು ಬಂದ್ರೆ ಹತ್ರ ಹಿಪ್ಪುನೇರಳೆ ಇದೆಯಾ ಅಂತ ಕೇಳೇ ಕೊಡ್ತೀನಿ.